ಮಂಗಳವಾರ ಬಂದಿದ್ದವಳು

ಇಲ್ಲದ್ದನ್ನು ಕಂಡೆ ಎನ್ನುವ ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಅವತ್ತು ಹೊಟ್ಟೆಗೆ ಏನಾದರೂ ತಿಂದಿದ್ದಿರಾ? ನಮ್ಮೂರು ಯಳಂದೂರಿನ ಪಕ್ಕದ ಅಗರ. ಬೆಟ್ಟದ ಕಡೆಯಿಂದ ಬಂದವರು, ಗದ್ದೆಗೆ ನೀರು ಕಟ್ಟಲು ಹೋದವರು, ಎಲ್ಲರ ಹತ್ತಿರವೂ ಒಂದೊಂದು ಕಥೆ ಇರುತ್ತಿತ್ತು. ಅವನ್ನೆಲ್ಲ ಕೇಳಿ ನಗುತ್ತ ಬೆಳೆದವಳು ನಾನು. ಆಮೇಲೆ ಮೈಸೂರಿಗೆ ಹೋಗಿ ಆರ್ಕಿಟೆಕ್ಚರ್ ಓದಿದ ಮೇಲಂತೂ ಗೋಡೆ ಎಂದರೆ ಇಟ್ಟಿಗೆ ಮತ್ತು ಗಾರೆ, ನೆರಳು ಎಂದರೆ ಸೂರ್ಯ ಎಲ್ಲಿದ್ದಾನೆ ಎನ್ನುವ ಲೆಕ್ಕ, ಅಷ್ಟೇ. ಬೇರೆಯವರ ಕಥೆಗಳನ್ನು ಇಂದಿಗೂ ನಂಬುವುದಿಲ್ಲ. ನನ್ನದನ್ನು ಏನು ಮಾಡಬೇಕೋ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ. ಓದುವವರು ಅದೇ ಪ್ರಶ್ನೆಯನ್ನು ನನಗೂ ಕೇಳಬಹುದು. ತಿಂದಿದ್ದೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಎದುರು ಎರಡು ಇಡ್ಲಿ, ಒಂದು ವಡೆ.

ಇದನ್ನು ಹೇಳಬೇಕಾದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡಬೇಕು. ನಿರ್ಮಲಾ ಮತ್ತು ನಾನು ಕಾಲೇಜಿನಲ್ಲಿ ಒಂದೇ ಬೆಂಚಿನವರು. ಮೈಸೂರಿನಲ್ಲಿ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಇಬ್ಬರೂ ಸೇರಿ ಆಫೀಸು ತೆರೆದು ಇಪ್ಪತ್ತು ವರ್ಷದ ಮೇಲಾಗಿತ್ತು. ಬೋರ್ಡಿನ ಮೇಲೆ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿದೆ. ಆದರೆ ಬಂದವರು ಕೇಳುವುದು, "ನಿರ್ಮಲಾ ಮೇಡಂ ಇದಾರಾ?" ಅವಳು ಸ್ಕೇಲು ಮುಟ್ಟದೆ, ಮಾತಾಡುತ್ತ ಮಾತಾಡುತ್ತ, ದಪ್ಪ ಪೆನ್ಸಿಲಿನಲ್ಲಿ ನಾಲ್ಕು ಗೆರೆ ಎಳೆದರೆ ಎದುರು ಕೂತವರಿಗೆ ತಮ್ಮ ಮನೆ ಕಾಣುತ್ತಿತ್ತು. ನಾನು ಮೂರು ದಿನ ಕೂತು, ಅಳೆದು, ಅಳಿಸಿ, ಮತ್ತೆ ಅಳೆದು ತಂದದ್ದನ್ನು ಜನ ಎರಡು ನಿಮಿಷ ನೋಡಿ "ಚೆನ್ನಾಗಿದೆ" ಎಂದು ಮಡಿಸಿಡುತ್ತಿದ್ದರು. ಅವಳು ಒಳ್ಳೆಯವಳು. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ನನ್ನ ತಾಯಿ ಕೂಡ ನಾನು ಊರಿಗೆ ಹೋದರೆ ಬಾಗಿಲಲ್ಲೇ, "ನಿರ್ಮಲ ಬರ್ನಿಲ್ವಾ?" ಎಂದು ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಕೊಳ್ಳೇಗಾಲದ ಕೆಲಸ ಬಂತು. ಊರಿನಿಂದ ಮುಳ್ಳೂರಿನ ಕಡೆ ಹೋಗುವಾಗ ಹೊಳೆಯ ದಂಡೆಯಲ್ಲಿ ಹಳೆಯ ರೇಷ್ಮೆ ಕಾರ್ಖಾನೆಗಳ ಒಂದು ಸಾಲಿತ್ತು. ಗೂಡು ಬೇಯಿಸುವ, ನೂಲು ಬಿಚ್ಚುವ, ಹುರಿ ಮಾಡುವ ಶೆಡ್ಡುಗಳು. ಎಲ್ಲ ಮುಚ್ಚಿ ಎಷ್ಟೋ ಕಾಲವಾಗಿ, ಜಾಲಿ ಬೆಳೆದಿತ್ತು. ರೇಷ್ಮೆ ವ್ಯಾಪಾರದ ಕೆಲವು ಕುಟುಂಬಗಳು ಟ್ರಸ್ಟ್ ಮಾಡಿಕೊಂಡು ಆ ಇಡೀ ದಂಡೆಗೆ ಮತ್ತೆ ಜೀವ ಕೊಡಲು ಹೊರಟಿದ್ದರು. ನೇಯುವವರಿಗೆ ಮಗ್ಗದ ಮನೆಗಳು, ಅಂಗಡಿಗಳು, ಹೊಳೆಯ ಉದ್ದಕ್ಕೂ ಓಡಾಡುವ ದಾರಿ. ಎಲ್ಲದರ ನಡುವೆ, ಅತಿ ದೊಡ್ಡ ಕಾರ್ಖಾನೆಯೊಳಗೆ, ಒಂದು ಆರ್ಕಿಟೆಕ್ಚರ್ ಕಾಲೇಜು. ಟ್ರಸ್ಟಿನ ಅಧ್ಯಕ್ಷರು ನಮ್ಮ ಆಫೀಸಿಗೆ ಬಂದು, "ಇಬ್ರೂ ಒಂದೊಂದು ಪ್ಲಾನ್ ಕೊಡಿ. ನಮಗೆ ಒಪ್ಪಿಗೆ ಆದದ್ದರ ಮೇಲೆ ಕೆಲಸ ನಡೀಲಿ" ಎಂದರು.

ನಿರ್ಮಲಾ ಖುಷಿಯಿಂದ ನಕ್ಕಳು. ನಾನೂ ನಕ್ಕೆ. ಒಳಗೆ ಮಾತ್ರ, ಇದೊಂದು ನನ್ನದು, ಇದನ್ನು ಬಿಡುವುದಿಲ್ಲ ಎಂದುಕೊಂಡೆ. ನನ್ನ ಸೋದರತ್ತೆ ಗೌರಮ್ಮ ಅದೇ ಸಾಲಿನಲ್ಲಿ ನೂಲು ಬಿಚ್ಚಿದವಳು. ರಜೆಗೆ ಅವಳ ಮನೆಗೆ ಹೋದಾಗ ಬಿಸಿನೀರಿನಲ್ಲಿ ನೆನೆದು ಬಿಳಿಚಿಕೊಂಡ ಅವಳ ಬೆರಳುಗಳಿಂದ ತುತ್ತು ತಿಂದಿದ್ದೇನೆ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದ ನಿರ್ಮಲಾಗೆ ಅದೆಲ್ಲ ಏನು ಗೊತ್ತು? ಅತ್ತೆಯ ವಿಷಯ ಅವಳಿಗೆ ಹೇಳಲೇ ಇಲ್ಲ. ಹೇಳಿದರೆ ಅದನ್ನೂ ಒಂದು ಗೆರೆ ಮಾಡಿಬಿಡುತ್ತಾಳೆ ಎಂಬ ಭಯ.

ಸೋಮವಾರ ಇಬ್ಬರೂ ಒಟ್ಟಿಗೆ ಜಾಗ ನೋಡಲು ಹೋಗುವುದೆಂದಾಗಿತ್ತು. ಅದರ ಹಿಂದಿನ ವಾರ ನನಗೆ ಜ್ವರ ಬಂದು ಎರಡು ದಿನ ಮಲಗಿದ್ದೆ. ಜ್ವರ ಬಿಟ್ಟ ಮೇಲೆ ಶುಕ್ರವಾರ, ಅಗರಕ್ಕೆ ಹೋಗಿಬರುತ್ತೇನೆಂದು ನಿರ್ಮಲಾಗೆ ಸುಳ್ಳು ಹೇಳಿ, ಕೊಳ್ಳೇಗಾಲದ ಬಸ್ಸು ಹತ್ತಿದೆ. ಅವಳಿಗಿಂತ ಮೊದಲು ನಾನು ನೋಡಬೇಕಿತ್ತು.

ಕಾರ್ಖಾನೆ ಮುಟ್ಟಿದಾಗ ಹನ್ನೊಂದೂವರೆ. ಬಿಸಿಲು ಚೆನ್ನಾಗಿತ್ತು. ಕೀಲಿ ಇದ್ದದ್ದು ಸಿದ್ದಮ್ಮನ ಹತ್ತಿರ. ಹಿಂದೆ ಅಲ್ಲೇ ಕೆಲಸ ಮಾಡುತ್ತಿದ್ದು, ಕಾರ್ಖಾನೆ ಮುಚ್ಚಿದ ಮೇಲೂ ಕೂಲಿಕಾರರ ಲೈನ್ ಮನೆಯಲ್ಲೇ ಉಳಿದಿದ್ದ ಮುದುಕಿ. ನನ್ನನ್ನು ಕಂಡವಳೇ, "ಬಂದ್ರಾವ್ವಾ? ಬನ್ನಿ ಬನ್ನಿ" ಎಂದು ಸೊಂಟದಿಂದ ಕೀಲಿ ತೆಗೆದಳು. ಯಾರು, ಎಲ್ಲಿಂದ ಎಂದು ಕೇಳಲಿಲ್ಲ. ಟ್ರಸ್ಟಿನವರು ಹೇಳಿರಬೇಕು ಎಂದುಕೊಂಡೆ. ದೊಡ್ಡ ಶೆಡ್ಡಿನ ಬಾಗಿಲು ತೆಗೆದು, "ಬಿಸ್ಲಲ್ ಬಂದಿದ್ದೀರಿ, ಒಸಿ ಮಜ್ಗೆ ತತ್ತೀನಿ" ಎಂದು ಮನೆಗೆ ಹೋದಳು.

ಒಳಗೆ ಕತ್ತಲೆ. ಅದೇ ಆ ಕಟ್ಟಡದ ತೊಂದರೆಯಾಗಿತ್ತು. ಶೆಡ್ಡು ಅಗಲವಾಗಿದ್ದು, ನಟ್ಟನಡುವೆ ಬೆಳಕೇ ಇರಲಿಲ್ಲ. ಸರ್ವೆ ನಕ್ಷೆ ನೋಡಿಯೇ ನಾನು ಚಾವಣಿ ಕತ್ತರಿಸಬೇಕೆಂದು ತೀರ್ಮಾನಿಸಿದ್ದೆ. ನಿರ್ಮಲಾ ಕೂಡ ಹಾಗೇ ಅಂದಿದ್ದಳು. ಚಾವಣಿ ಕತ್ತರಿಸಿದರೆ ಆ ಹಳೆಯ ತೇಗದ ತೊಲೆಗಳು ಹೋಗುತ್ತವೆ. ಇನ್ನೊಂದು ತೊಂದರೆ ಹೊಳೆ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟ ವರ್ಷ ಅದು ಒಳಗೇ ಬರುತ್ತದೆ. ಗೋಡೆಗಳ ಮೇಲೆ ನನ್ನ ಮೊಣಕಾಲಿನೆತ್ತರಕ್ಕೆ ಕೆಸರಿನ ಗೆರೆ ಇತ್ತು.

ಶೆಡ್ಡು ದಾಟಿ ಹಿಂದಿನ ಗೂಡು ಬೇಯಿಸುವ ಕೋಣೆಗೆ ಹೋದೆ. ಹೊಳೆಯ ಕಡೆ ಕಿಟಕಿಗಳಿದ್ದುದರಿಂದ ಅಲ್ಲಿ ಬೆಳಕಿತ್ತು. ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ, ಆಳೆತ್ತರಕ್ಕೆ, ಯಾರೋ ಒಂದು ನಕ್ಷೆ ಬರೆದಿದ್ದರು.

ಅದು ಕಾಲೇಜಿನ ನಕ್ಷೆ. ಒಂದು ನಿಮಿಷದಲ್ಲಿ ಅರ್ಥವಾಯಿತು. ಚಾವಣಿಯನ್ನು ಮುಟ್ಟಿಯೇ ಇರಲಿಲ್ಲ. ಅದರ ಬದಲು ನೆಲವನ್ನು ಇಳಿಸಿದ್ದರು. ದೊಡ್ಡ ಶೆಡ್ಡಿನ ನೆಲ ಅಗಲವಾದ ಮೆಟ್ಟಿಲುಗಳಾಗಿ ಹೊಳೆಯ ಕಡೆಗೆ ಇಳಿಯುತ್ತಿತ್ತು. ನೀರಿನ ಮೇಲಿಂದ ಹಾರಿದ ಬೆಳಕು ಕೆಳಗಿನ ಕಮಾನುಗಳಿಂದ ಹೊಕ್ಕು ನಡುವಿನ ತನಕ ಬರುತ್ತಿತ್ತು. ಒಂದೊಂದು ಮೆಟ್ಟಿಲೂ ಒಂದೊಂದು ತರಗತಿಯ ಮಕ್ಕಳು ಕೂತು ಬರೆಯುವ ಜಾಗ. ತೋಡಿದ ಮಣ್ಣಿನಿಂದ ಮೇಲಿನ ಮೆಟ್ಟಿಲುಗಳನ್ನು ಕೆಸರಿನ ಗೆರೆಗಿಂತ ಎತ್ತರಿಸಿದ್ದರಿಂದ, ಹೊಳೆ ಬಂದ ವರ್ಷ ಕೆಳಗಿನ ಎರಡು ಮೆಟ್ಟಿಲನ್ನು ಮಾತ್ರ ಅದಕ್ಕೆ ಬಿಟ್ಟುಕೊಟ್ಟು ಪಾಠ ನಡೆಯುತ್ತಲೇ ಇರಬಹುದು. ನೆಲ ಇಳಿಸಿದರೆ ಕಂಬಗಳ ಬುಡ ಬಯಲಾಗುತ್ತದಲ್ಲ, ಅದಕ್ಕೂ ಅಲ್ಲಿ ಉತ್ತರವಿತ್ತು.

ಅಷ್ಟು ಚೆನ್ನಾಗಿದ್ದುದರಿಂದಲೇ ಅದು ನಿರ್ಮಲಾಳದು ಎಂದು ನನಗೆ ಅನುಮಾನವೇ ಬರಲಿಲ್ಲ. ನಾನು ಸುಳ್ಳು ಹೇಳಿ ಬಂದ ಹಾಗೆ ಅವಳೂ ನನಗಿಂತ ಮೊದಲು ಬಂದು ಹೋಗಿದ್ದಾಳೆ ಎಂದುಕೊಂಡೆ. ಮೈಯೆಲ್ಲ ಉರಿಯಿತು. ಇಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಫೋಟೋ ತೆಗೆಯಲು ಫೋನು ಎತ್ತಿದೆ. ತೆಗೆದರೆ ಕಳ್ಳಿಯಾಗುತ್ತೇನೆ ಎನ್ನಿಸಿ ಇಟ್ಟೆ. ಮೂಲೆಯಲ್ಲಿ ಒಂದು ಬಕೆಟ್ ನೀರು, ಪಕ್ಕದಲ್ಲಿ ಗೋಣಿತಟ್ಟು ಇತ್ತು. ತಟ್ಟನ್ನು ನೆನೆಸಿ ಗೋಡೆ ಒರೆಸಲು ಶುರುಮಾಡಿದೆ. ಅವಳ ನೋಟ್ ಪುಸ್ತಕದಲ್ಲಿ ಇದು ಇದ್ದೇ ಇರುತ್ತದೆ, ಗೋಡೆ ಒರೆಸಿ ಏನೂ ಉಪಯೋಗವಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ, ಕೈ ನೋಯುವ ತನಕ ಒರೆಸಿದೆ. ಗೋಡೆಯಲ್ಲಿ ಒಂದು ಬೂದು ಮೋಡ ಮಾತ್ರ ಉಳಿಯಿತು.

ಸಿದ್ದಮ್ಮ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲಿ ನಿಂತಳು.

"ಅಯ್ಯೋ, ಅದ್ಯಾಕವ್ವಾ? ನೀವೇ ಬರ್ದುದ್ನ ನೀವೇ ಅಳಿಸ್ಬುಟ್ರಾ?"

"ನಾನು ಬರೆದದ್ದಲ್ಲ ಸಿದ್ದಮ್ಮ. ಅದು ನನ್ನ ಸ್ನೇಹಿತೆ."

"ಸ್ನೇಯಿತ್ರು ಯಾರೂ ಬಂದಿಲ್ವಲ್ಲಾ. ನೀವೇ ಕಣವ್ವಾ, ಮಂಗ್ಳಾರ ಬಂದಿದ್ದು. ಬಾಯ್ಲರಿನ ಒಲೇಲಿ ಇಜ್ಲು ತಕಂಡು, ಇದೇ ಎಡಗೈಲಿ ಬರುದ್ರಿ. ಗೌರಮ್ಮನ್ ಅಣ್ಣನ್ ಮಗ್ಳು ಅಂತ ನೀವೇ ಯೋಳುದ್ರಲ್ಲಾ. ಮದ್ಯಾನ ಉಂಡೂ ಹೋದ್ರಿ."

ನಾನು ಎಡಗೈಯವಳು. ನಿರ್ಮಲಾ ಅಲ್ಲ. ಗೌರಮ್ಮನ ಹೆಸರು ನಾನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಅಲ್ಲದೆ ಮಂಗಳವಾರ ನಾನು ಮೈಸೂರಿನಲ್ಲಿ ಜ್ವರದಿಂದ ಎಚ್ಚರ ತಪ್ಪಿದವಳ ಹಾಗೆ ಮಲಗಿದ್ದೆ. ನಮ್ಮ ಮನೆಯವರು ಕೆಲಸಕ್ಕೆ ಹೋಗಿದ್ದರಿಂದ, ಬೆಳಿಗ್ಗೆಯಿಂದ ಸಂಜೆಯ ತನಕ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿ, ಗಂಜಿ ಕುಡಿಸಿ, ಪಕ್ಕದಲ್ಲಿ ಕೂತಿದ್ದವಳು ನಿರ್ಮಲಾ. ಅವಳೂ ಬಂದಿರಲು ಸಾಧ್ಯವಿರಲಿಲ್ಲ.

ಮುದುಕಿಗೆ ದಿನ ತಪ್ಪಿರಬೇಕು, ಕಣ್ಣು ಮಂದವಿರಬೇಕು ಎಂದುಕೊಳ್ಳುತ್ತ ಗೋಡೆಯ ಕಡೆ ತಿರುಗಿದೆ. ಮೇಲಿನ ಮೂಲೆಯಲ್ಲಿ, ತಟ್ಟು ತಾಗದೆ ಬಿಟ್ಟುಹೋದ ಕಡೆ, ಒಂದು ಗುರುತು ಉಳಿದುಕೊಂಡಿತ್ತು. ಉತ್ತರ ದಿಕ್ಕು ತೋರಿಸುವ ಬಾಣ. ನಾನು ಮೊದಲ ವರ್ಷದಿಂದಲೂ ಆ ಬಾಣವನ್ನು ಮೀನಿನ ಆಕಾರದಲ್ಲಿ, ಬಾಲ ಸ್ವಲ್ಪ ಎಡಕ್ಕೆ ತಿರುಗಿಸಿ ಬರೆಯುತ್ತೇನೆ. ಮೇಷ್ಟ್ರು ಬೈದರೂ ಬಿಟ್ಟಿರಲಿಲ್ಲ. ಅದು ನನ್ನ ಮೀನು. ನನ್ನ ಕೈಯ ಒತ್ತು, ನನ್ನ ಬಾಲ. ಒರೆಸುವಾಗ ಒಂದು ಸಲವೂ ಅದರ ಕಡೆ ನೋಡಿರಲಿಲ್ಲ.

ನನಗೆ ಭಯವಾಗಲಿಲ್ಲ. ಭಯ ಬಂದದ್ದು ಬಸ್ಸಿನಲ್ಲಿ, ನರಸೀಪುರ ದಾಟಿದ ಮೇಲೆ. ಆ ಹೊತ್ತಿನಲ್ಲಿ ಅಲ್ಲೇ ನೆಲದ ಮೇಲೆ ಕೂತು, ನೋಟ್ ಪುಸ್ತಕ ತೆಗೆದು, ಅಳಿಸಿದ್ದನ್ನು ಮತ್ತೆ ಬರೆಯಲು ಹೊರಟೆ. ಮೆಟ್ಟಿಲುಗಳು ಬಂದವು. ಕಮಾನುಗಳು ಬಂದವು. ಕಂಬಗಳ ಬುಡಕ್ಕೆ ಬಂದ ಕೂಡಲೇ ಕೈ ನಿಂತಿತು. ಉತ್ತರ ಇತ್ತು ಎನ್ನುವುದು ನೆನಪಿತ್ತು, ಉತ್ತರ ನೆನಪಿರಲಿಲ್ಲ. ಎರಡು ಗಂಟೆ ಕೂತಿದ್ದೆ. ಸಿದ್ದಮ್ಮ ಕಂಬಕ್ಕೊರಗಿ ನೋಡುತ್ತಿದ್ದು, ಕೊನೆಗೆ "ಅವತ್ತು ಬಿರ್ ಬಿರ್ನೆ ಬರ್ದ್ಬುಟ್ರಿ" ಎಂದಳು.

ಸೋಮವಾರ ನಿರ್ಮಲಾಳ ಜೊತೆ ಮೊದಲ ಸಲ ಬಂದವಳಂತೆ ಹೋದೆ. ಅವಳು ಆ ಗೋಡೆಯ ಮುಂದೆ ನಿಂತು, "ಇಲ್ಲೇನೋ ಬರೆದಿದ್ರು ಅನ್ಸುತ್ತೆ ಕಣೇ" ಎಂದಳು. ಸಿದ್ದಮ್ಮ ನನ್ನ ಮುಖ ನೋಡಿ, ಕಿಟಕಿಗಳನ್ನು ತೆರೆಯಲು ಹೋದಳು. ಆಮೇಲಿನದು ಬೇಗ ಮುಗಿಯುತ್ತದೆ. ನನ್ನ ಪ್ಲಾನಿನಲ್ಲಿ ನೆಲ ಇಳಿಸಿದ್ದೆ. ಕಂಬಗಳು ನಿಲ್ಲುವುದಿಲ್ಲ ಎಂದು ಎಂಜಿನಿಯರು ವಾಪಸ್ ಕೊಟ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಟ್ರಸ್ಟಿನವರು ನಿರ್ಮಲಾಳದನ್ನು ಒಪ್ಪಿದರು. ಚಾವಣಿ ಕತ್ತರಿಸಿ, ಗಾಜು ಹಾಕಿ, ನೆಲ ಎತ್ತರಿಸಿ ಕಟ್ಟಿದ್ದಾರೆ. ಚೆನ್ನಾಗಿದೆ. ಹನೂರು, ಕಾಮಗೆರೆ ಕಡೆಯ ಮಕ್ಕಳೂ ಬಸ್ಸಿನಲ್ಲಿ ಬಂದು ಓದುತ್ತಾರೆ. ನಾನೂ ಎರಡು ವರ್ಷ ಅವಳ ಕೈಕೆಳಗೆ ಬಾಗಿಲು, ಕಿಟಕಿ, ಚರಂಡಿ ನೋಡಿಕೊಂಡೆ.

ಕಟ್ಟಡ ಮುಗಿದ ಮೇಲೆ ಒಂದು ದಿನ ತಡೆಯಲಾಗದೆ ನಿರ್ಮಲಾಗೆ ಎಲ್ಲ ಹೇಳಿದೆ, ಒರೆಸಿದ್ದನ್ನೂ ಸೇರಿಸಿ. ಅವಳು ಕೋಪ ಮಾಡಿಕೊಳ್ಳಲಿಲ್ಲ. "ಅವತ್ತು ಜ್ವರದಲ್ಲಿ ನೀನು ಕಂಬಳಿ ಮೇಲೆ ಎಡಗೈ ಆಡಿಸ್ತಾನೇ ಇದ್ದೆ. ಏನೋ ಬರೆಯೋ ಹಾಗೆ. ಕೈ ನೋಯುತ್ತೆ ಅಂತ ನಾನೇ ಹಿಡ್ಕೊಂಡು ಕೂತೆ" ಎಂದಳು. ಇದರಿಂದ ಏನಾದರೂ ಬಗೆಹರಿಯಿತೇ ಎಂದರೆ, ಇಲ್ಲ. ಜ್ವರ ಬಂದವರು ಕೈ ಆಡಿಸುತ್ತಾರೆ. ಅದರಿಂದ ಅಷ್ಟು ದೂರದ ಗೋಡೆಯ ಮೇಲೆ ಇದ್ದಿಲಿನ ಗೆರೆ ಮೂಡುವುದಿಲ್ಲ, ಸಿದ್ದಮ್ಮನ ಮನೆಯಲ್ಲಿ ಉಂಡು ಹೋಗುವುದೂ ಇಲ್ಲ. ಒಂದು ಮಾತ್ರ ನಿಜ. ಅವತ್ತಿನಿಂದ ನಿರ್ಮಲಾಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅದು ಹೋಗಿಲ್ಲ, ಜಾಗ ಬದಲಿಸಿದೆ. ಆ ಮಂಗಳವಾರ ಬಂದು, ಯಾರನ್ನೂ ನೆನೆಯದೆ, ಬಿರಬಿರನೆ ಬರೆದು, ಉಂಡು ಎದ್ದುಹೋದಳಲ್ಲ, ಅವಳ ಮೇಲೆ.

ಹೋದ ತಿಂಗಳು ಕಾಲೇಜಿಗೆ ಹೋಗಿದ್ದೆ. ಸಿದ್ದಮ್ಮ ಈಗ ಅಲ್ಲಿನ ಗಿಡಗಳಿಗೆ ನೀರು ಹಾಕುತ್ತಾಳೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮುಖವನ್ನು ಹತ್ತಿರದಿಂದ ನೋಡಿ, ತಾನಾಗಿಯೇ ಹೇಳಿದಳು:

"ನಾನು ನೀವೇ ಅನ್ಕಂಡಿದ್ದೆ ಕಣವ್ವಾ, ಇಷ್ಟ್ ದಿನ. ಅಲ್ಲ ಬುಡಿ. ನಿಮ್ಮಂಗೇ ಇದ್ರು. ಆದ್ರ ಅವ್ರು ಹಾಡ್ಕ ಹಾಡ್ಕ ಬರುದ್ರು."

ಯಾವ ಹಾಡು ಎಂದು ಕೇಳಿದೆ. ಅವಳಿಗೆ ನೆನಪಿರಲಿಲ್ಲ.