ರೊಟ್ಟಿಯ ಸದ್ದು ನಡೆಯುವ ಮನೆ

ನಮ್ಮ ಮನೆಯ ಹಿಂದಿನ ಎರಡು ಖೋಲಿಗಳನ್ನು ಈ ಮಳೆಗಾಲದಲ್ಲಿ ಒಬ್ಬ ಹುಡುಗಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಉಡುಪಿ ಕಡೆಯವಳು, ಹೆಸರು ಸುಮನಾ. ಬೈಲಹೊಂಗಲದ ಕಾಲೇಜಿನಲ್ಲಿ ಕಲಿಸಲು ಬಂದಿದ್ದಾಳೆ. ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓಣಿಯೆಲ್ಲ ಇನ್ನೂ ಮಗ್ಗಲು ಬದಲಿಸುತ್ತಿರುವ ಹೊತ್ತಿಗೆ ಅವಳು ಮಿಕ್ಸಿಯಲ್ಲಿ ಕೊಬ್ಬರಿ ಹಾಕಿ ತಿರುವುತ್ತಾಳೆ. ಗರ್ ಎಂದು ಶುರುವಾಗಿ ನಿಲ್ಲುತ್ತದೆ. ಮುಗಿಯಿತು ಅಂದುಕೊಂಡು ನೀವು ಮತ್ತೆ ಕಣ್ಣು ಮುಚ್ಚಬೇಕು, ಆಗ ಇನ್ನೊಮ್ಮೆ ಗರ್ ಅನ್ನುತ್ತದೆ. ಆಮೇಲೆ ಚಮಚದಿಂದ ಜಾರಿನ ಅಂಚಿಗೆ ಟಣ್ ಟಣ್. ಒಂದು ಬಟ್ಟಲು ಚಟ್ನಿಗೆ ಇಷ್ಟು ಗದ್ದಲ ಬೇಕೆ ಎಂದು ನಾನು ಹೊದಿಕೆಯೊಳಗೇ ಕೇಳಿಕೊಳ್ಳುತ್ತೇನೆ.

ಬಾಯಿ ಬಿಟ್ಟು ಹೇಳುವ ಸ್ವಭಾವ ನನ್ನದಲ್ಲ. ಅದಕ್ಕೆ ಕೆಮ್ಮುತ್ತೇನೆ. ಕೆಮ್ಮು ಇಲ್ಲದಿದ್ದರೂ, ಗೋಡೆಯ ಕಡೆ ಮುಖ ಮಾಡಿ, ಆಕೆಗೆ ಕೇಳುವ ಹಾಗೆ. ನಗಬೇಡಿ. ಮನೆ ಮಾಲೀಕನಾದವನು ಎಷ್ಟು ಬೇಗ ಮನೆ ಮಾಲೀಕನಂತೆ ಆಡತೊಡಗುತ್ತಾನೆ ಎಂಬುದು ನನಗೂ ಈಚೆಗಷ್ಟೇ ಗೊತ್ತಾಗಿದ್ದು.

ಹೀಗೆ ಕೆಮ್ಮಿದಾಗಲೆಲ್ಲ ಬೆಂಗಳೂರಿನಲ್ಲಿ ನಮ್ಮ ಕೆಳಮನೆಯಲ್ಲಿದ್ದ ಒಬ್ಬರು ನೆನಪಾಗುತ್ತಾರೆ. ಅವರು ಕೆಮ್ಮುತ್ತಿರಲಿಲ್ಲ. ನೆಲ ಒರೆಸುವ ಕೋಲಿನಿಂದ ತಮ್ಮ ಸೂರನ್ನು ಕುಟ್ಟುತ್ತಿದ್ದರು. ಅವರ ಸೂರೆಂದರೆ ನಮ್ಮ ಅಡುಗೆಮನೆಯ ನೆಲ.

ನನ್ನ ಹೆಂಡತಿ ನೀಲವ್ವ ನರ್ಸು. ಇಲ್ಲಿನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ಬಡ್ತಿ ಸಿಕ್ಕಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ವರ್ಗವಾಯಿತು. ನಾನು ದೊಡವಾಡದವನು, ಹತ್ತನೆಯ ಇಯತ್ತೆಯವರೆಗೆ ಓದಿದವನು, ಬೈಲಹೊಂಗಲದ ಮಾರುಕಟ್ಟೆಯಲ್ಲಿ ಕಾಳಿನ ಒಂದು ಅಡತಿ ಅಂಗಡಿಯಲ್ಲಿ ತೂಕ ಬರೆದುಕೊಳ್ಳುತ್ತಿದ್ದೆ. ಗಂಡನ ಬೆನ್ನು ಹತ್ತಿ ಹೆಂಡತಿ ಹೋಗುವುದನ್ನು ನೋಡಿದ ನಮ್ಮ ಪೇಟೆ, ಹೆಂಡತಿಯ ಬೆನ್ನು ಹತ್ತಿ ಗಂಡ ಹೊರಟಿದ್ದನ್ನು ಕಂಡು ಸಾಕಷ್ಟು ಮಜಾ ತೆಗೆದುಕೊಂಡಿತು. "ಅಲ್ಲಿ ಹೋಗಿ ಏನ್ ಮಾಡಾಂವಪಾ?" ಎಂದು ಅಂಗಡಿಯ ಧಣಿ ಕೇಳಿದರು. "ಆಕಿ ಡಬ್ಬಿ ತೊಳೀತೇನ್ರಿ" ಅಂದೆ. ಚೇಷ್ಟೆಗೆ ಅಂದದ್ದು. ಮುಂದೆ ಅದೇ ಕೆಲಸ ಗಟ್ಟಿಯಾಯಿತು.

ಬೆಂಗಳೂರಿನಲ್ಲಿ ಮನೆ ಹುಡುಕುವ ಕಷ್ಟವನ್ನು ಏನೆಂದು ಹೇಳಲಿ. ಅಲ್ಲಿ ಮುಂಗಡವೆಂದು ಕೇಳುವ ರೊಕ್ಕಕ್ಕೆ ನಮ್ಮ ಕಡೆ ಜಾಗವನ್ನೇ ಕೊಳ್ಳಬಹುದಾಗಿತ್ತು. ಇಷ್ಟು ಕೊಟ್ಟ ಮೇಲೆ ಸಿಗುವುದೋ, ಕೈ ಚಾಚಿದರೆ ಪಕ್ಕದ ಮನೆಯ ಕಿಟಕಿಯೊಳಗೇ ಹೋಗುವಂಥ ಒಂದು ಕಿಟಕಿ. ದಲ್ಲಾಳಿ ಅದಕ್ಕೂ ಗಾಳಿ ಬೆಳಕು ಚೆನ್ನಾಗಿದೆ ಅನ್ನುತ್ತಿದ್ದ. ಅಂಥದೇ ಒಂದು ಮೂರನೆಯ ಮಹಡಿಯ ಮನೆಗೆ ಹೋಗಿ ಸೇರಿಕೊಂಡೆವು. ಹಾಲು ಉಕ್ಕಿಸಿದೆವು. ಮರುದಿನ ಬೆಳಗಿನಿಂದ ನೀಲವ್ವ ರೊಟ್ಟಿ ಬಡಿಯತೊಡಗಿದಳು.

ಜೋಳದ ರೊಟ್ಟಿ ಲಟ್ಟಿಸುವುದಲ್ಲ, ಬಡಿಯುವುದು ಎಂದು ನಿಮಗೆ ಹೇಳಬೇಕಾಗಿಲ್ಲ. ಬಿಸಿನೀರಿನಲ್ಲಿ ನಾದಿದ ಹಿಟ್ಟನ್ನು ಹಲಗೆಯ ಮೇಲಿಟ್ಟು, ಅಂಗೈಯಿಂದ ತಟ್ಟುತ್ತ ತಟ್ಟುತ್ತ ತಿರುಗಿಸಿ ಅಗಲ ಮಾಡಬೇಕು. ಬೈಲಹೊಂಗಲದಲ್ಲಿ ಬೆಳಿಗ್ಗೆ ಎದ್ದು ಓಣಿಯಲ್ಲಿ ನಡೆದು ಹೋದರೆ ಮನೆಮನೆಯಿಂದ ಈ ದಪ್ ದಪ್ ಕೇಳುತ್ತದೆ, ಯಾರೂ ಅದನ್ನು ಸದ್ದು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಅಡುಗೆಮನೆಗಳ ಕೆಳಗೆ ಇರುವುದು ಮಣ್ಣು. ಬಡಿದದ್ದನ್ನೆಲ್ಲ ಅದು ನುಂಗಿಕೊಳ್ಳುತ್ತದೆ. ಅಲ್ಲಿ ನೆಲದ ಕೆಳಗೆ ಒಬ್ಬರು ಮಲಗಿರುತ್ತಾರೆ ಎಂಬುದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಮೊದಲ ವಾರ ಕೋಲು. ಆಮೇಲೆ ಕೆಳಮನೆಯವರೇ ಮೇಲೆ ಬಂದರು. "ನೋಡಿ ಸಾರ್, ಬಡಗಿ ಕೆಲಸ ಮಾಡಿಸೋದಿದ್ರೆ ಒಂಬತ್ತು ಗಂಟೆ ಮೇಲೆ ಮಾಡಿಸ್ಕೊಳ್ಳಿ."

"ಬಡಗಿ ಅಲ್ರಿ, ರೊಟ್ಟಿ" ಅಂದೆ.

ಅವರು ನನ್ನ ಹಿಂದೆ ಇಣುಕಿ ನೋಡಿದರು. ನೀಲವ್ವ ನೆಲದ ಮೇಲೆ ಕುಳಿತು, ಹಿಟ್ಟಿನ ಕೈಯಿಂದಲೇ, "ಬರ್ರಿ, ಬಿಸಿ ಐತಿ, ಒಂದು ತಿನ್ನುವಂತ್ರಿ" ಎಂದಳು. ಅವರು ತಿನ್ನಲಿಲ್ಲ. ಮಾಲೀಕರಿಗೆ ಫೋನು ಮಾಡಿದರು.

ನೀಲವ್ವ ಮಾಡದ ಉಪಾಯವಿಲ್ಲ. ಕಟ್ಟೆಯ ಮೇಲಿಟ್ಟು ನಿಂತು ಬಡಿದು ನೋಡಿದಳು. ಗ್ರಾನೈಟು ಸದ್ದನ್ನು ಇನ್ನೂ ದೂರಕ್ಕೆ ಮುಟ್ಟಿಸಿತು. ನಮ್ಮವ್ವ ಹೊಲಿದುಕೊಟ್ಟ ಕೌದಿಯನ್ನು ಮಡಚಿ ಹಲಗೆಯ ಕೆಳಗೆ ಹಾಕಿದಳು. ಸದ್ದು ಕಮ್ಮಿಯಾಯಿತು, ಆದರೆ ಹಲಗೆ ಕುಣಿದು ರೊಟ್ಟಿ ನಡುವೆ ಹರಿಯತೊಡಗಿತು. ಕೌದಿಗೆ ಹಿಟ್ಟಾಯಿತು ಎಂದು ನಾನು ರೇಗಿದೆ. ಹರಿದ ರೊಟ್ಟಿ ಹಿಡಿದುಕೊಂಡು ಆಕೆ ನನ್ನ ಮೇಲೆ ರೇಗಿದಳು. "ನಮ್ಮ ತೊರಗಲ್ಲ ಕ್ವಾಟಿಯಂಥಾ ಗ್ವಾಡಿ ಇದ್ದಿದ್ರ ಯಾರಿಗೂ ಕೇಳ್ತಿರಲಿಲ್ರಿ" ಅಂದಳು. ತೊರಗಲ್ ಅವಳ ತವರು. ಏನು ಕೆಟ್ಟರೂ ಅವಳಿಗೆ ಆ ಕೋಟೆ ನೆನಪಾಗುತ್ತಿತ್ತು. ಬಸ್ಸಿನಲ್ಲಿ ಜಾಗ ಸಿಗದಿದ್ದರೂ ಸಹ.

"ಚಪಾತಿ ಲಟ್ಟಿಸಿಬಿಡು ಮಾರಾಯ್ತಿ" ಎಂದು ಒಂದು ದಿನ ಹೇಳಿದೆ. "ಸದ್ದಿಲ್ಲ, ಜಗಳಿಲ್ಲ."

"ಆಸ್ಪತ್ರಿಯೊಳಗ ದಿನಪೂರ್ತಿ ಸದ್ದಿಲ್ಲದಂಗ ಅಡ್ಡಾಡತೇನ್ರಿ. ಪೇಷಂಟ್ ಮಲಗ್ಯಾರ, ಡಾಕ್ಟರ್ ಬಂದಾರ. ಮನ್ಯಾಗೂ ಕಳ್ಳರಂಗ ಅಡಿಗಿ ಮಾಡ್ಲೇನು?" ಅಂದಳು.

ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ ಅಂದರು. ಅಷ್ಟರೊಳಗೆ ಬೇರೆ ಮನೆ ಸಿಗದಿದ್ದರೆ ಆಕೆ ನರ್ಸುಗಳ ಹಾಸ್ಟೆಲ್ಲಿಗೆ, ನಾನು ತಿರುಗಿ ಬೈಲಹೊಂಗಲಕ್ಕೆ ಎಂದು ಮಾತಾಯಿತು. ಮದುವೆಯಾದಾಗಿನಿಂದ ನಾವು ಬೇರೆ ಬೇರೆ ಇದ್ದವರಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಬದುಕಿದವರು. ಆ ಮಾತು ಆಡಿದ ಮೇಲೆ ಇಬ್ಬರೂ ಊಟ ಬಿಟ್ಟೆವು. ಆಮೇಲೆ ಹಸಿವಾಗಿ ಚುರಮುರಿ ತಿಂದೆವು, ಅದು ಬೇರೆ ಮಾತು.

ಅಲ್ಲಿಂದ ಮುಂದೆ ಮನೆ ನೋಡುವ ರೀತಿಯೇ ಬದಲಾಯಿತು. ದಲ್ಲಾಳಿ ಪಡಸಾಲೆ, ನಲ್ಲಿ, ಸ್ಕೂಟರ್ ನಿಲ್ಲಿಸುವ ಜಾಗ ತೋರಿಸುತ್ತಿದ್ದರೆ ನೀಲವ್ವ ನೆಟ್ಟಗೆ ಅಡುಗೆಮನೆಗೆ ಹೋಗಿ ನೆಲಕ್ಕೆ ಕುಳಿತುಬಿಡುತ್ತಿದ್ದಳು. ಬರಿಗೈಯಿಂದ ನೆಲ ಬಡಿಯುತ್ತಿದ್ದಳು. ದಪ್, ದಪ್, ದಪ್. ತಲೆ ವಾಲಿಸಿ ಕೇಳುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿ ನೋಡುವ ಹಾಗೆ. "ಮೇಡಂ ವಾಸ್ತು ನೋಡ್ತಾರಾ ಸಾರ್?" ಎಂದು ದಲ್ಲಾಳಿ ನನ್ನ ಕಿವಿಯಲ್ಲಿ ಕೇಳಿದ. ಹೌದು ಅಂದೆ. ಆವತ್ತಿನಿಂದ ಅವನಿಗೆ ಆಕೆಯ ಮೇಲೆ ಭಾರಿ ಗೌರವ. ಬೇರೆ ಗಿರಾಕಿಗಳಿಗೂ ನೆಲ ಬಡಿದು ತೋರಿಸತೊಡಗಿದನೆಂದು ಆಮೇಲೆ ತಿಳಿಯಿತು.

ಆದರೆ ಮನೆ ಒಪ್ಪುವುದಕ್ಕೆ ನೆಲವೊಂದೇ ಸಾಲದಲ್ಲ. ಮನೆಯವರೂ ಒಪ್ಪಬೇಕು. ಒಬ್ಬರು ಗಂಡನೇಕೆ ಮನೆಯಲ್ಲಿರುತ್ತಾನೆ ಅಂದರು. ಒಬ್ಬರು ನರ್ಸಾದರೆ ರೋಗ ತರುತ್ತಾರೆ ಅಂದರು, ಮರುಕ್ಷಣ ತಮ್ಮ ಮೊಣಕಾಲು ನೋವಿಗೆ ಏನು ಹಚ್ಚಬೇಕೆಂದೂ ಕೇಳಿದರು. ಇನ್ನೊಂದು ಮನೆ ಎಲ್ಲ ರೀತಿಯಿಂದ ಚೆನ್ನಾಗಿತ್ತು, ಕೆಳಗೆ ಮಣ್ಣೇ ಇತ್ತು. ಆ ಮನೆಯಾಕೆ ನಮ್ಮ ಹೆಸರು ಕೇಳಿದರು, ಊರು ಕೇಳಿದರು, ಅಷ್ಟರಿಂದ ತಿಳಿಯದೆ ಹೋದಾಗ, "ನೀವು ಯಾವ ಪೈಕಿ?" ಎಂದು ನೇರವಾಗಿಯೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ, "ರೊಟ್ಟಿ ತಿನ್ನೂ ಪೈಕಿ ರಿ" ಅಂದಳು.

ಆಕೆ ನಕ್ಕರು, ನಾವೂ ನಕ್ಕೆವು. ಸಂಜೆ ದಲ್ಲಾಳಿ ಫೋನು ಮಾಡಿ, ಆ ಮನೆಗೆ ಅವರ ನೆಂಟರೇ ಬರುತ್ತಾರಂತೆ ಎಂದ. ಮೆಟ್ಟಿಲಿಳಿಯುವಾಗ ಸೆರಗು ಬಾಯಿಗೊತ್ತಿ ನಕ್ಕವಳು ಆ ಸುದ್ದಿ ಕೇಳಿ ತೊರಗಲ್ ಕೋಟೆಯನ್ನೂ ನೆನೆಯಲಿಲ್ಲ. ನಮ್ಮ ಹಿರಿಯರ ಕಾಲಕ್ಕೇ ಬುದ್ಧನ ಪಟ ಗೋಡೆಗೇರಿದ ಮನೆ ನಮ್ಮದು. ಆ ಪ್ರಶ್ನೆಯನ್ನು ಊರಿನಲ್ಲೇ ಬಿಟ್ಟು ಬಂದೆವೆಂದುಕೊಂಡಿದ್ದೆವು. ಅದು ನಮಗಿಂತ ಮೊದಲೇ ಬಸ್ಸು ಹತ್ತಿ ಬಂದು ಕುಳಿತಿತ್ತು.

ತಿಂಗಳು ಮುಗಿಯಲು ಬಂದಾಗ ಸರೋಜಮ್ಮನ ಮನೆ ಸಿಕ್ಕಿತು. ಹಳೆಯ ಕಾಲದ ಕೆಂಪು ಹಂಚಿನ ಮನೆ, ಮಗ್ಗುಲಲ್ಲಿ ಎರಡು ಖೋಲಿ. ನೆಲವೇನೋ ಮಣ್ಣಿನದೇ, ಆದರೆ ಅಡುಗೆಮನೆಯ ಗೋಡೆಯಾಚೆಗೆ ಆಕೆಯ ಮಲಗುವ ಕೋಣೆ. ನೀಲವ್ವ ಎಂದಿನಂತೆ ಕುಳಿತು ಬಡಿದಳು. ಸರೋಜಮ್ಮ ತಮ್ಮ ಕಡೆಯಿಂದ ಬಂದು ಬಾಗಿಲಲ್ಲಿ ನಿಂತರು. ಎಪ್ಪತ್ತರ ಆಚೆಯವರು, ಒಬ್ಬರೇ.

"ಏನಮ್ಮ ಅದು, ನೆಲ ಯಾಕೆ ಬಡೀತಿದೀಯ?"

ನಾನು ವಾಸ್ತು ಎನ್ನಬೇಕೆಂದಿದ್ದೆ. ನೀಲವ್ವ ಬಿಡಲಿಲ್ಲ. "ದಿನಾ ಮುಂಜಾನೆ ರೊಟ್ಟಿ ಬಡೀತೇನ್ರಿ ಅಮ್ಮಾರ. ನಿಮ್ಮ ಗ್ವಾಡಿಗೆ ಕೇಳತೈತಿ. ಬ್ಯಾಡಂದ್ರ ಈಗ ಹೇಳಿಬಿಡ್ರಿ. ಸಾಮಾನು ತಂದ ಮ್ಯಾಲ ಹೇಳಬ್ಯಾಡ್ರಿ."

ಸರೋಜಮ್ಮ ಆಕೆಯನ್ನೇ ನೋಡಿದರು. "ಎಷ್ಟು ಹೊತ್ತಿಗೆ?"

"ಐದರ ಮ್ಯಾಲ."

"ನಂಗೆ ನಾಲ್ಕಕ್ಕೇ ಎಚ್ಚರ ಆಗತ್ತೆ. ಆಮೇಲೆ ಸೂರು ನೋಡ್ಕೊಂಡು ಬಿದ್ದಿರ್ತೀನಿ. ಇನ್ನೊಬ್ರು ಎದ್ದಿದಾರೆ ಅಂತ ಗೊತ್ತಾದ್ರೆ ಒಳ್ಳೇದೇ ಆಯ್ತು. ಬಡಿ, ಬಡಿ."

ಬೇರೆ ಏನನ್ನೂ ಅವರು ಕೇಳಲಿಲ್ಲ. ಸಿಟ್ಟು ಬಂದಾಗ ಬಯ್ಯುತ್ತಿರಲಿಲ್ಲ ಎಂದಲ್ಲ. ನೀರು ಜಾಸ್ತಿ ಸುರಿಯುತ್ತೀರಿ, ಗೇಟು ಹಾಕುವುದಿಲ್ಲ, ನಿಮ್ಮ ಯಜಮಾನರು ಅಂಗಳದಲ್ಲಿ ಬೀಡಿ ಸೇದುತ್ತಾರೆ ಎಂದು ದಿನಕ್ಕೊಂದು ದೂರು ಇದ್ದೇ ಇತ್ತು. ಆದರೆ ರೊಟ್ಟಿಯ ಬಗ್ಗೆ ಒಂದು ದಿನವೂ ಮಾತೆತ್ತಲಿಲ್ಲ. ನೀಲವ್ವ ಡಬ್ಬಿ ಕಟ್ಟುವಾಗ ಅವರಿಗೂ ಒಂದು ರೊಟ್ಟಿ ತೆಗೆದಿಡುತ್ತಿದ್ದಳು. ಹಲ್ಲಿಲ್ಲದ ಅವರು ಅದನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು. ನಾನು ಒಂದು ಗೋದಾಮಿನಲ್ಲಿ ಕೆಲಸ ಹಿಡಿದೆ. ಆ ಎರಡು ಖೋಲಿಗಳಲ್ಲಿ ನಾವು ಸುಖವಾಗಿದ್ದೆವು. ಇದನ್ನು ಬರೆಯುವ ತನಕ ಆ ಮಾತನ್ನು ನಾನು ಹೀಗೆ ಬಿಡಿಸಿ ಹೇಳಿಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಎದ್ದೆ. ಸರೋಜಮ್ಮ ನಿಂತಿದ್ದರು, ಮೈಮೇಲೆ ಶಾಲು. "ಯಾಕೆ, ಇವತ್ತು ಸದ್ದೇ ಇಲ್ಲ?"

ರಜಾ ಇರಬೇಕು ಅಂದೆ, ನಿದ್ದೆಗಣ್ಣಿನಲ್ಲಿ. ಅವರು ನನ್ನನ್ನು ಸರಿಸಿ ಒಳಗೆ ಬಂದರು. ನೀಲವ್ವ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಹಿಟ್ಟು ನಾದಿ ಮುಗಿದಿತ್ತು. "ಕೈಯಾಗ ಬಲಾನ ಇಲ್ರಿ" ಅಂದಳು, ನಾಚಿಕೊಂಡವಳ ಹಾಗೆ. ಒಂದೇ ಹಾಸಿಗೆಯಲ್ಲಿ ಮಲಗಿದ್ದ ನನಗೆ ಗೊತ್ತಾಗದ್ದು ಗೋಡೆಯಾಚೆಯವರಿಗೆ ಗೊತ್ತಾಗಿತ್ತು.

ಆ ಮೇಲಿನದನ್ನು ಹೆಚ್ಚು ಬರೆಯಲಾರೆ. ತಾನು ದುಡಿದ ಆಸ್ಪತ್ರೆಯಲ್ಲೇ ಮಲಗಿದಳು, ಅವಳ ಜೊತೆಯ ನರ್ಸುಗಳೇ ನೋಡಿಕೊಂಡರು. ಮಳೆಗಾಲ ಮುಗಿಯುವುದರೊಳಗೆ ಅವಳೂ ಮುಗಿದಳು. ದೊಡವಾಡಕ್ಕೆ ತಂದು ಮಣ್ಣು ಮಾಡಿದೆವು. ಸಾಮಾನು ತರಲು ನಾನು ಮತ್ತೆ ಹೋದಾಗ ಸರೋಜಮ್ಮ ರೊಟ್ಟಿಯ ಹಲಗೆಯನ್ನು ತಾವೇ ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟಿದ್ದರು. "ನಾಲ್ಕಕ್ಕೆ ಎಚ್ಚರ ಆಗೋದು ಬಿಟ್ಟಿಲ್ಲ ಕಣಯ್ಯ" ಎಂದರು, ಅಷ್ಟೇ.

ಈಗ ಬೈಲಹೊಂಗಲದ ಈ ಮನೆಯಲ್ಲಿದ್ದೇನೆ. ಎಡಗಡೆ ಮನೆಯಿಂದ, ಬಲಗಡೆ ಮನೆಯಿಂದ ದಿನಾ ರೊಟ್ಟಿಯ ಸದ್ದು ಬರುತ್ತದೆ. ನಮ್ಮ ಅಡುಗೆಮನೆಯಿಂದ ಬರುವುದಿಲ್ಲ. ಖಾನಾವಳಿಯಿಂದ ತಂದು ತಿನ್ನುತ್ತೇನೆ. ಹಿಂದಿನ ಖೋಲಿಯಿಂದ ಮಾತ್ರ ಮಿಕ್ಸಿ ಗರ್ ಅನ್ನುತ್ತಿತ್ತು, ನಾನು ಕೆಮ್ಮುತ್ತಿದ್ದೆ.

ಮೊನ್ನೆ ಗರ್ ಅನ್ನಲಿಲ್ಲ. ಒಳ್ಳೆಯದಾಯಿತೆಂದು ಮಗ್ಗಲು ಬದಲಿಸಿದೆ. ನಿದ್ದೆ ಹತ್ತಲಿಲ್ಲ. ನಿನ್ನೆಯೂ ಇಲ್ಲ. ಈ ಬೆಳಿಗ್ಗೆ ಹಾಸಿಗೆಯಲ್ಲಿ ಕಿವಿ ನಿಮಿರಿಸಿ ಕಾದೆ. ಏನೂ ಇಲ್ಲ. ಅಂಗಿ ಹಾಕಿಕೊಳ್ಳುವುದನ್ನೂ ಮರೆತು, ಬನಿಯನ್ನಿನ ಮೇಲೆಯೇ ಹಿತ್ತಲಿಗೆ ಹೋಗಿ ಅವಳ ಬಾಗಿಲು ಬಡಿದೆ. ಜೋರಾಗಿಯೇ ಬಡಿದಿರಬೇಕು.

ಸುಮನಾ ಗಾಬರಿಯಿಂದ ಬಾಗಿಲು ತೆರೆದಳು. "ಎಂತಾಯ್ತು ಅಂಕಲ್?"

"ಆರಾಮ ಅದೀ ಇಲ್ಲೋ, ತಂಗಿ?"

"ಆರಾಮ ಇದ್ದೇನಲ್ಲ."

"ಮತ್ತ ಮಿಕ್ಸಿ?"

ಅವಳು ತಲೆ ತಗ್ಗಿಸಿದಳು. "ನೀವು ದಿನಾ ಕೆಮ್ಮುವುದು ಕೇಳ್ತಿತ್ತು. ನಿಮ್ಮ ನಿದ್ದೆ ಹಾಳಾಗ್ತದೆ ಅಂತ ಮೇಲೆ ಎತ್ತಿಟ್ಟೆ. ಬ್ರೆಡ್ಡು ತಿಂದು ಹೋಗ್ತಿದ್ದೇನೆ. ಪರವಾಗಿಲ್ಲ ಅಂಕಲ್, ಅಭ್ಯಾಸ ಆಗ್ತದೆ."

ಆಚೆ ಮನೆಯವರು ಆಗಲೇ ರೊಟ್ಟಿ ಬಡಿಯುತ್ತಿದ್ದರು. ಅದು ನಿಲ್ಲುವವರೆಗೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಮಿಕ್ಸಿ ಇಳಿಸ್ವಾ" ಎಂದೆ. "ಈಗ ಹಚ್ಚು. ನಾ ಇಲ್ಲೇ ನಿಂತು ಕೇಳತೇನಿ."