ಬಾಲಮ್ಮ ಬಿಟ್ಟ ಹಣ್ಣು

ಹಲಸೂರು ಕೆರೆಯ ಮೇಲೆ ಭಾನುವಾರದ ಬೆಳಕು ಇನ್ನೂ ಬೂದಿಬಣ್ಣದಲ್ಲಿದೆ. ಕೆರೆಯ ಹಿಂಬದಿಯ ಗಲ್ಲಿಯೊಂದರ ಹಳೆಯ ಬೇಕರಿಯೊಳಗೆ ಬಾಲಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಅಗಲವಾದ ತಟ್ಟೆಗಳಲ್ಲಿ ಬೆಣ್ಣೆಯನ್ನು ಕರಗಲು ಇಡುತ್ತಿದ್ದಾರೆ. ಬೆಣ್ಣೆ ಕರಗಿ ಅಂಚಿನಲ್ಲಿ ನೊರೆಯೇಳುವ ಹೊತ್ತಿಗೆ ಮೈದಾ, ಸಕ್ಕರೆ, ಹಾಲು, ಒಂದಿಷ್ಟು ಬೇಕಿಂಗ್ ಪೌಡರ್, ಚಿಟಿಕೆ ಚಕ್ಕೆಪುಡಿ ಕೂಡಿದ ತೆಳುಹಿಟ್ಟು ಅದರ ಮೇಲೆ ಹರಿಯುತ್ತದೆ. ಬಳಿಕ ಡಬ್ಬಿಯ ಪೀಚ್ ಹಣ್ಣಿನ ಸರದಿ. ಆ ಹೊಂಬಣ್ಣದ ಹೋಳುಗಳನ್ನು ಅವರು ಸುರಿಯುವುದಿಲ್ಲ. ಪೂಜೆಗೆ ಹೂವಿಡುವಂತೆ ಒಂದೊಂದಾಗಿ ಇಟ್ಟು, ಡಬ್ಬಿಯಲ್ಲುಳಿದ ಪಾಕವನ್ನು ಮೇಲೆ ಚಿಮುಕಿಸುತ್ತಾರೆ. ಇಟ್ಟ ಮೇಲೆ ಸೌಟು ಮುಟ್ಟುವುದಿಲ್ಲ.

“ಇದರಷ್ಟು ಸಲೀಸು ಕೆಲಸ ಇನ್ನೊಂದಿಲ್ರಿ. ಇಲ್ಲಿಗೆ ನಮ್ಮದು ಮುಗೀತು. ಇನ್ನ ಬೆಂಕಿ ಅದ, ಅದು ಅದ.”

ಇದರ ಹೆಸರು ಕಾಬ್ಲರ್. ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಮರಳುವ ದಂಡುಪ್ರದೇಶದ ಹಳೆಯ ಮನೆತನದವರು ಭಾನುವಾರ ಇಲ್ಲಿ ನಿಲ್ಲುವುದೇ ಇದಕ್ಕಾಗಿ. ಬಿಸಿಲೇರುವ ಮುನ್ನ ತಟ್ಟೆಗಳೆಲ್ಲ ಬರಿದಾಗುತ್ತವೆ. ಕೊಂಡುಹೋಗುವವರಿಗೆ ಗಲ್ಲಾಪೆಟ್ಟಿಗೆಯ ಹಿಂದಿನ ಒಡತಿ ಅಲಿಯಾ ಗೊತ್ತು. ಒಳಗಿನ ಬಾಲಮ್ಮ ಗೊತ್ತಿಲ್ಲ. ಇಷ್ಟು ವರ್ಷ ಕಾಬ್ಲರ್ ಬೇಯಿಸಿದ ಬಾಲಮ್ಮ ಅದನ್ನು ಒಮ್ಮೆಯೂ ಬಾಯಿಗಿಟ್ಟಿಲ್ಲವೆಂಬುದಂತೂ ತೀರ ಈಚಿನವರೆಗೆ ಅಲಿಯಾಗೂ ಗೊತ್ತಿರಲಿಲ್ಲ.

ಇಂದು ಭಟ್ಟಿಯಿಂದ ತಟ್ಟೆ ಹೊರಬಂದೊಡನೆ ಬಾಲಮ್ಮ ಒಂದು ಚಮಚ ರುಚಿ ನೋಡಬೇಕು. ಇಲ್ಲವಾದರೆ ಮುಂದಿನ ವಾರದಿಂದ ಕಾಬ್ಲರ್ ಬೇರೆಯವರ ಕೈಗೆ, ಬಾಲಮ್ಮ ರಸ್ಕಿನ ಮೇಜಿಗೆ. ಹೀಗೆಂದು ಅಲಿಯಾ ಹೇಳಿಯಾಗಿದೆ.

ಬಾಲಮ್ಮನದು ಭೀಮಾ ತೀರದ ಹಳ್ಳಿ. ಗಂಡ ದತ್ತುವಿನ ಜೊತೆ ಕಟ್ಟಡದ ಕೆಲಸಕ್ಕೆಂದು ದೊಮ್ಮಲೂರಿಗೆ ಬಂದವರು, ಈಗ ಕಗ್ಗದಾಸಪುರದ ಬಾಡಿಗೆ ಕೋಣೆಯೊಂದರಲ್ಲಿದ್ದಾರೆ. ದತ್ತು ಹೊಸ ತಿಪ್ಪಸಂದ್ರದಲ್ಲಿ ಕಾವಲುಗಾರ. ಇಬ್ಬರ ನಡುವೆ ಸೌಂದರ್ಯಾ ಎಂಬ ಮಗಳಿದ್ದಳು. ಬಾಲಮ್ಮ ಇದೇ ಬೇಕರಿಯಲ್ಲಿ ನೆಲ ಒರೆಸುತ್ತಿದ್ದ ಕಾಲದಲ್ಲಿ ಮಗು ಜ್ವರವೆಂದು ಮಲಗಿತು, ಮತ್ತೆ ಏಳಲಿಲ್ಲ. ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಗಂಜಿಯೂ ಒಳಗೆ ನಿಲ್ಲದಾದಾಗ, ಅಲಿಯಾಳ ತಾಯಿ ಪೀಚ್ ಹಣ್ಣಿನ ಡಬ್ಬಿಯೊಂದನ್ನು ಕೊಟ್ಟು ಕಳಿಸಿದರು. ಅದೊಂದು ನಿಂತಿತು.

“‘ಅವ್ವಾ, ಈ ಹಣ್ಣಿಗಿ ಬೀಜಾನೇ ಇಲ್ಲೇನ?’ ಅಂತ ಕೇಳಿದ್ಳು. ನಿನಗ ಚುಚ್ಚಬಾರದಂತ ತಗದಾರ ನೋಡವ್ವಾ ಅಂದೆ. ನಕ್ಕಳು. ನಂಗೂ ಒಂದು ಹೋಳು ತಿನ್ಸಿದ್ಳು. ಅದೇ ಕಡೀದು.”

ಕಾಶಿಗೆ ಹೋದವರು ಗಂಗೆಯ ಸಾಕ್ಷಿಯಾಗಿ ಪ್ರಿಯವಾದೊಂದು ಫಲವನ್ನು ತ್ಯಜಿಸಿ ಬರುವುದು ನಮ್ಮಲ್ಲಿ ರೂಢಿ. ಬಹುಮಂದಿ ಬಿಡುವುದು ಹೇಗೂ ಬೇಡವಾಗಿದ್ದ ಹಾಗಲಕಾಯಿಯನ್ನೇ ಎಂಬುದು ಬೇರೆ ಮಾತು. ಬೇಕಾದದ್ದನ್ನು ಬಿಟ್ಟರೆ ಮಾತ್ರ ಬಿಟ್ಟಂತೆ ಎಂದು ತಿಳಿದವರು ಹೇಳುತ್ತಾರೆ. ಕಾಶಿಯನ್ನು ಕಾಣದ ಬಾಲಮ್ಮ, ಮಗಳ ಕರ್ಮಾಂತರದಂದು ಭೀಮೆಯ ನೀರಿನಲ್ಲಿ ನಿಂತು ಆ ಹಣ್ಣನ್ನು ಬಿಟ್ಟರು. ಹೆಸರು ಬಾಯಿಗೆ ಬಾರದೆ ‘ಡಬ್ಬಿ ಹಣ್ಣು’ ಎಂದರು. ದಡದಲ್ಲಿದ್ದ ಸೋದರಮಾವ ಜಟ್ಟೆಪ್ಪ ಆ ದುಃಖದಲ್ಲೂ ಸುಮ್ಮನಿರಲಿಲ್ಲ: “ಜಾಣಿ ಇದ್ದಿ ಬಿಡವ್ವಾ! ನಮ್ಮ ಕಡಿ ಅದನ್ನ ಯಾರು ಕೊಡ್ತಾರಂತ ಬಿಡ್ತಿ?”

ಕೊಡುವವರು ಕಾದೇ ಇದ್ದರು. ಕಾಬ್ಲರ್ ಮಾಡುತ್ತಿದ್ದ ಮುದುಕ ಕೆಲಸ ಬಿಟ್ಟಾಗ, ನೆಲ ಒರೆಸುತ್ತ ನೋಡಿ ಕಲಿತಿದ್ದ ಬಾಲಮ್ಮನ ಕೈಗೇ ಡಬ್ಬಿಗಳು ಬಂದವು. ಒಲ್ಲೆ ಎನ್ನಬಹುದಿತ್ತಲ್ಲವೆ ಎಂದರೆ ಅವರು ಒಪ್ಪುವುದಿಲ್ಲ. “ನಾಲಿಗಿ ಬಿಟ್ಟದರಿ, ಕೈ ಬಿಟ್ಟಿಲ್ಲ. ಆಕಿ ಮೆಚ್ಚಿದ್ದನ್ನ ವಾರಾ ವಾರಾ ಮುಟ್ಟತೀನಿ. ಯಾರಿಗದ ಆ ಭಾಗ್ಯ?”

ರುಚಿ ನೋಡುವ ಹೊಣೆಯನ್ನು ಭಟ್ಟಿಯ ಆದಿಲ್ ತಾನಾಗಿ ಹೊತ್ತಿದ್ದ. ತಟ್ಟೆಯ ಮೂಲೆಯಿಂದ ಒಂದು ಚೂರು ಮುರಿದು, “ಫಸ್ಟ್ ಕ್ಲಾಸ್ ಅಮ್ಮಾ” ಎನ್ನುತ್ತಿದ್ದ. ಅಷ್ಟರಿಂದ ವ್ರತವೂ ನಡೆಯುತ್ತಿತ್ತು, ವ್ಯಾಪಾರವೂ. ಕೆಟ್ಟದ್ದು ಈ ಸಲದ ರಂಜಾನ್‌ನಲ್ಲಿ. ಹೊಸ ಸರಬರಾಜಿನ ಡಬ್ಬಿಗಳು ಬಂದವು. ಮೇಲೆ ಅದೇ ಹಣ್ಣಿನ ಚಿತ್ರ, ಒಳಗೆ ಅದೇ ಹೊಂಬಣ್ಣ. ಆದರೆ ಪಾಕವಿರಲಿಲ್ಲ, ಸಕ್ಕರೆಯಿಲ್ಲದ ನೀರಷ್ಟೇ ಇತ್ತು. ಪಾಕದ ಸಿಹಿ ನಂಬಿ ಹಿಟ್ಟಿಗೆ ಸಕ್ಕರೆ ಕಡಿಮೆ ಹಾಕುವುದು ಇಲ್ಲಿನ ಪದ್ಧತಿ. ಬೆರಳೊಂದನ್ನು ನೆಕ್ಕಿದ್ದರೂ ತಿಳಿಯುತ್ತಿತ್ತು. ಆದಿಲ್ ಉಪವಾಸವಿದ್ದ. ಅಲಿಯಾ ಉಪವಾಸವಿದ್ದಳು. ಬಾಲಮ್ಮನ ನಾಲಿಗೆಯಂತೂ ಎಂದೋ ಭೀಮೆಗೆ ಸಂದಿತ್ತು. ಹೀಗೆ ಇಬ್ಬರ ಉಪವಾಸ, ಒಬ್ಬರ ತ್ಯಾಗ ಒಂದೇ ಸೂರಿನಡಿ ಸೇರಿ, ಆ ಭಾನುವಾರದ ಕಾಬ್ಲರನ್ನು ಯಾರೂ ಬಾಯಿಗಿಡದೆ ಊರಿಗೆ ಹಂಚಿದವು.

“ಏನಮ್ಮಾ, ಶುಗರ್ ಪೇಶೆಂಟ್‌ಗಳಿಗೆ ಅಂತ ಮಾಡಿಸಿದ್ದಾ ಇದು?” ಎಂದು ಹಳೆಯ ಗಿರಾಕಿಯೊಬ್ಬರು ಪೊಟ್ಟಣ ಮರಳಿಸಿದರು. ಅವರ ಹಿಂದೆಯೇ ಮತ್ತೆ ಹಲವರು ಬಂದರು. ಬಾಲಮ್ಮ ರುಚಿ ನೋಡುವುದಿಲ್ಲವೆಂಬುದು ಆ ದಿನವೇ ಹೊರಬಿತ್ತು.

ಅಲಿಯಾ ಕಠಿಣ ಮನಸ್ಸಿನವಳಲ್ಲ. “ಡಬ್ಬಿ ತಂದೋಳು ನಾನೇ, ನೋಡ್ದೆ ತಂದ್ಬಿಟ್ಟೆ, ಒಪ್ಕೋತೀನಿ” ಎನ್ನುತ್ತಾಳೆ. “ಬಾಲಮ್ಮ ಬಿಟ್ಟಿರೋದು ಎಂಥದ್ದು ಅಂತ ನಂಗರ್ಥ ಆಗುತ್ತೆ. ಆದ್ರೆ ಮಾಡೋರೇ ತಿನ್ನದಿರೋದನ್ನ ಇನ್ನೊಬ್ಬರಿಗೆ ಹೇಗ್ರೀ ಕೊಡ್ಲಿ?”

“ನಾನಿದೀನಲ್ಲ ಮೇಡಂ, ನಾನು ತಿನ್ತೀನಿ” ಎಂದು ಭಟ್ಟಿಯ ಬಳಿಯಿಂದ ಆದಿಲ್.

“ನೀನು ಸುಮ್ನಿರಪ್ಪಾ. ನಿಂಗೆ ಸುಟ್ಟಿರೋ ಬನ್ನೂ ಫಸ್ಟ್ ಕ್ಲಾಸೇ. ಮುಂದಿನ ರಂಜಾನ್‌ಗೆ ಏನ್ ಮಾಡ್ತೀಯ?”

ಆದಿಲ್ ಭಟ್ಟಿಯತ್ತ ತಿರುಗುತ್ತಾನೆ. ಅಲಿಯಾ ಗಲ್ಲಾಪೆಟ್ಟಿಗೆಯತ್ತ ನಡೆದ ಮೇಲೆ, ಬಾಲಮ್ಮ ತಮಗೆ ತಾವೇ ಹೇಳಿಕೊಳ್ಳುವಂತೆ ನುಡಿಯುತ್ತಾರೆ: “ಒಂದು ಚಮಚ ತಿಂದ್ರ ಏನಾಗ್ತದ ಅಂತಾರ ನಮ್ಮನಿಯವ್ರೂ. ಏನೂ ಆಗಂಗಿಲ್ರಿ. ಅದೇ ನನಗ ಹೆದರಿಕಿ.”

ಬೆಣ್ಣೆ, ಹಣ್ಣು, ಚಕ್ಕೆಯ ಪರಿಮಳ ಗಲ್ಲಿಗೆ ಹಬ್ಬುತ್ತದೆ. ಆದಿಲ್ ಮೊದಲ ತಟ್ಟೆಯನ್ನು ಮೇಜಿನ ಮೇಲಿಟ್ಟು ದೂರ ಸರಿಯುತ್ತಾನೆ. ಅಂಚು ಕೆಂಪೇರಿದೆ, ನಡುವೆ ಪಾಕ ಇನ್ನೂ ಕುದಿಯುತ್ತಿದೆ. ಅಲಿಯಾ ಬಂದು ಚಮಚವನ್ನು ಬಾಲಮ್ಮನ ಕೈಗೆ ಕೊಡುತ್ತಾಳೆ.

ಬಾಲಮ್ಮ ಮೂಲೆಯಿಂದ ಒಂದು ತುತ್ತು ತೆಗೆಯುತ್ತಾರೆ. ಒಂದು ಹೋಳು ಹಣ್ಣು, ಅದನ್ನು ಹೊದ್ದ ಕೆಂಪನೆಯ ಹಿಟ್ಟು. ಚಮಚ ತುಟಿಯ ಸಮೀಪಕ್ಕೆ ಬಂದು ಅಲ್ಲಿಯೇ ತಡೆಯುತ್ತದೆ. ಕಣ್ಣು ಮುಚ್ಚಿ ಅದನ್ನು ಊದುತ್ತಾರೆ. ಒಮ್ಮೆ, ಮತ್ತೊಮ್ಮೆ, ಮಗುವಿನ ತುತ್ತನ್ನು ಆರಿಸುವವರ ತಾಳ್ಮೆಯಿಂದ. ಅನಂತರ ಆರಿದ ಚಮಚವನ್ನು ಅಲಿಯಾಳ ಬಾಯಿಯ ಬಳಿಗೆ ಒಯ್ಯುತ್ತಾರೆ.

“ನೀವು ತಿನ್ರಿ ತಾಯಿ.”

ಅಲಿಯಾ ಬೇಡವೆನ್ನಲಾರದೆ ಬಾಯಿ ತೆರೆಯುತ್ತಾಳೆ.

“ಸಿಹಿ ಅದನ?”

“ಇದೆ ಅಮ್ಮಾ.” ಅವಳ ಕಣ್ಣು ತುಂಬಿದೆ. ಆದರೂ ಆಡಿದ ಮಾತನ್ನು ಅವಳು ಹಿಂದಕ್ಕೆ ಪಡೆಯುವುದಿಲ್ಲ. ಪಡೆಯಲೆಂದು ಬಾಲಮ್ಮ ಕಾಯುವುದೂ ಇಲ್ಲ. ಚಮಚ ತೊಳೆದಿಟ್ಟು, ಉಳಿದ ತಟ್ಟೆಗಳನ್ನೂ ಹೊರತೆಗೆಸಿ, ಕೈ ಒರೆಸಿಕೊಂಡು ರಸ್ಕಿನ ಮೇಜಿನತ್ತ ನಡೆಯುತ್ತಾರೆ. ಹೊರಗೆ ಗಿರಾಕಿಗಳ ಸಾಲು ಬೆಳೆಯುತ್ತಿದೆ. ಒಳಗೆ ಯಾರಿದ್ದಾರೆಂದು ಯಾರೂ ಇಣುಕುವುದಿಲ್ಲ.

ನಿಮಗೆ ಇನ್ನೇನಾದರೂ ಬೇಕೇ ಎಂದು ಕೇಳಿದರೆ, ಬಾಲಮ್ಮ ರಸ್ಕಿನ ಬ್ರೆಡ್ಡನ್ನು ಸಮನಾಗಿ ಕೊಯ್ಯುತ್ತಲೇ ಹೇಳುತ್ತಾರೆ:

“ಮುಂದ ಮಾಡೋರಿಗೆ ಒಂದು ಮಾತು ಹೇಳ್ರಿ ಸಾಕು. ಹಣ್ಣು ಇಟ್ಟಮ್ಯಾಲ ಕಲಕಬ್ಯಾಡ ಅನ್ರಿ. ಅದು ತಾನಾಗೇ ಕೆಳಗ ಹೋಗ್ತದ. ಹಿಟ್ಟು ತಾನಾಗೇ ಮ್ಯಾಗ ಬಂದು ಮುಚ್ಚತದ.”