ಕಂಬಳಿಗೆ ತಿಕ್ಕಿದ ಬಾಚಣಿಗೆ

ಆಗ ನಾನು ಗಟ್ಟಿ ರಬ್ಬರಿನ ಬಾಚಣಿಗೆ ಮಾರುತ್ತಿದ್ದೆ. ಮೂಡಿಗೆರೆ ಕಡೆಯ ದೊರೆಯೊಬ್ಬರ ಎಸ್ಟೇಟಿಗೆ ಹೋದಾಗ ಮಾಗಿಯ ಒಣ ಬಿಸಿಲು. ಗೋಡೌನಿನಲ್ಲಿ ಹೆಂಗಸರು ಕಾಫಿಬೀಜ ಆರಿಸುತ್ತಿದ್ದರು.

"ಇದರಲ್ಲಿ ತಲೆ ಬಾಚಿ ಹಿಡಿದರೆ ಸಾಕು, ಕಸ ತಾನಾಗಿ ಹಾರಿ ಬರುತ್ತೆ!" ಎಂದು ಜಂಬ ಕೊಚ್ಚಿ, ಅವರಲ್ಲೊಬ್ಬಳಾದ ಗಿರಿಜಕ್ಕನ ಕೈಗೆ ಕೊಟ್ಟೆ. ಬಾಚಿದಳು. ಏನೂ ಹಾರಲಿಲ್ಲ. ಕೊಬ್ಬರಿ ಎಣ್ಣೆ ಸುರಿಯುವ ತಲೆಯಲ್ಲಿ ಯಾವ ವಿದ್ಯುತ್ತು ಹುಟ್ಟೀತು!

"ಸುಳ್ಳು ವ್ಯಾಪಾರ ಇಲ್ಲಿ ಬೇಡ ಮಾರಾಯ, ಗಂಟು ಕಟ್ಟು," ಎಂದರು ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ.

ಅವಮಾನದಿಂದ ಎಣ್ಣೆ ಒರೆಸಿ, ಹೊಳಪು ಬರಲೆಂದು ಪಕ್ಕದಲ್ಲಿ ಯಾರೋ ಮಡಚಿಟ್ಟಿದ್ದ ಕಂಬಳಿಗೆ ಬಾಚಣಿಗೆಯನ್ನು ತಿಕ್ಕಿದೆ. ಗಂಟಿಗೆ ಹಾಕಲು ಬಗ್ಗಿದೆನೋ ಇಲ್ಲವೋ, ಬೀಜದಿಂದ ಕಳಚಿದ್ದ ತೆಳುಪೊರೆಗಳೆಲ್ಲ ನೆಲದಿಂದ ಚಂಗನೆ ಜಿಗಿದು ಅಂಟಿಕೊಂಡವು! ಮರುಕ್ಷಣವೇ ಕೆಲವು ಒದ್ದ ಹಾಗೆ ಅತ್ತ ಹಾರಿದವು!

"ಅಯ್ಯೋ, ನಮ್ಮ ಅಳಿಯನ ಹಾಗೇ!" ಗಿರಿಜಕ್ಕ ಕೂಗಿದಳು. "ಓಡಿ ಬಂದು ಅಂಟ್ಕೊಳ್ತಾನೆ, ಊಟ ಆದ್ಮೇಲೆ ಮುಖ ತಿರುಗಿಸ್ಕೊಂಡು ಹೋಗ್ತಾನೆ!"

ಮಾತು ಸರಿಯೇ. ಪೊರೆಯೂ ಬಾಚಣಿಗೆಯ ವಿದ್ಯುತ್ತನ್ನೇ ಉಂಡು, ಎರಡೂ ಒಂದೇ ಜಾತಿಯಾದ ಕೂಡಲೇ ದೂರ ಸಿಡಿಯುತ್ತದೆ. ಗೋಡೌನಿಗೆ ಗೋಡೌನೇ ಕಂಬಳಿ ಹುಡುಕಿತು! ಮೊದಲ ಬಾಚಣಿಗೆ ಕೊಂಡವರು ಮೇಸ್ತ್ರಿಯೇ.

ಮಳೆಗಾಲದಲ್ಲಿ ಮತ್ತೆ ಹೋದರೆ ಎಲ್ಲರೂ ಮುತ್ತಿಕೊಂಡರು. "ನಿಮ್ಮ ಬಾಚಣಿಗೆ ಸತ್ತೋಗಿದೆ, ಬದಲಾಯಿಸಿ ಕೊಡಿ!"

ತೇವದ ಗಾಳಿಯಲ್ಲಿ ವಿದ್ಯುತ್ತು ನಿಲ್ಲುವುದಿಲ್ಲ ಎಂದೆ. ಯಾರು ಕೇಳುತ್ತಾರೆ! "ತಲೆಯನ್ನಾದರೂ ಬಾಚಬಹುದಲ್ಲ?" ಎಂದು ಗೋಗರೆದೆ.

ಗಿರಿಜಕ್ಕ ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು. "ತಲೆ ಬಾಚೋಕೆ ಮನೇಲಿ ಮರದ್ದಿದೆಯಲ್ಲ!"